ಅಳುವವರ ಬಳಿ ಕುಳಿತುಕೊಳ್ಳುವ ಧರ್ಮ

(ಡೊಂಬಿವಲಿಯಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾವಿನ ವಿಷಯವನ್ನು ಸಂಘದ ವೇದಿಕೆಯ ಮೇಲೆ ಮಾತನಾಡುವ ವಾಡಿಕೆ ನಮ್ಮಲ್ಲಿಲ್ಲ. ರಾಜ್ಯೋತ್ಸವ, ಯಕ್ಷಗಾನ, ನಾಡಹಬ್ಬ, ಮಕ್ಕಳ ಪ್ರತಿಭಾ ಪುರಸ್ಕಾರ, ಹೀಗೆ ನಮ್ಮ ವೇದಿಕೆಗಳು ಸಂಭ್ರಮಕ್ಕೆ ಮೀಸಲಾಗಿವೆ. ಅದು ಸಹಜವೂ ಹೌದು. ಆದರೆ ಹೊರನಾಡಿನಲ್ಲಿ ಎರಡು ಮೂರು ತಲೆಮಾರು ಬಾಳಿದ ಸಮಾಜವು ಹೊರನಾಡಿನಲ್ಲಿಯೇ ಮುಪ್ಪಾಗುತ್ತದೆ, ಹೊರನಾಡಿನಲ್ಲಿಯೇ ಸಾಯುತ್ತದೆ. ಮೊದಲ ತಲೆಮಾರಿನವರು ಕಡೆಗಾಲಕ್ಕೆ ಊರು ಸೇರುತ್ತಿದ್ದರು. ಇಂದು ಊರಿನಲ್ಲಿ ಮನೆಯಿಲ್ಲ, ಮನೆಯಿದ್ದರೆ ಜನರಿಲ್ಲ. ಆದ್ದರಿಂದ ನಮ್ಮ ಶೋಕವನ್ನು ಎಲ್ಲಿ, ಯಾರೊಡನೆ, ಯಾವ ಭಾಷೆಯಲ್ಲಿ ಕಳೆಯಬೇಕೆಂಬ ಪ್ರಶ್ನೆಯನ್ನು ಇಂದಲ್ಲ ನಾಳೆ ನಾವು ಎದುರಿಸಲೇಬೇಕು. ಈ ಪ್ರಶ್ನೆಯನ್ನು ನಮಗಿಂತ ಬಹಳ ಹಿಂದೆಯೇ ಎದುರಿಸಿದ ಒಂದು ಸಣ್ಣ ಸಮಾಜ ನಮ್ಮ ನೆರೆಯಲ್ಲಿಯೇ ಇದೆ. ಅವರ ಶೋಕಾಚರಣೆಯ ಕ್ರಮವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಠಾಣೆಯ ಟೆಂಭಿ ನಾಕಾ ಪ್ರದೇಶದಲ್ಲಿ 1879ರಲ್ಲಿ ಸ್ಥಾಪಿತವಾದ ಯಹೂದ್ಯರ ಪ್ರಾರ್ಥನಾ ಮಂದಿರವೊಂದಿದೆ. ಅದರ ಹೆಸರು 'ಶಾರ್ ಹಾಶಮಾಯಿಮ್', ಎಂದರೆ ಸ್ವರ್ಗದ್ವಾರ. ಪನವೇಲಿನಲ್ಲಿ ಅದಕ್ಕಿಂತಲೂ ಹಳೆಯದಾದ 'ಬೇತ್ ಎಲ್' ಮಂದಿರವಿದೆ. ಇವನ್ನು ಕಟ್ಟಿದವರು 'ಬೆನೆ ಇಸ್ರಾಯೇಲ್' ಎಂದು ಕರೆದುಕೊಳ್ಳುವ ಕೊಂಕಣದ ಯಹೂದ್ಯರು. ಎಣ್ಣೆಗಾಣ ಅವರ ಮೂಲ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಹಳ್ಳಿಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ದಿವೇಕರ್, ಕೇಹಿಮ್‌ಕರ್, ರಾಜಪುರ್‌ಕರ್ ಎಂದು ಊರಿನ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು ಮಾಡಿಕೊಂಡರು. ಮನೆಮಾತು ಮರಾಠಿಯಾಯಿತು. ಮುಂದೆ ಕಂಪೆನಿಯ ಸೈನ್ಯ, ರೈಲ್ವೆ, ಸರಕಾರಿ ಕಚೇರಿಗಳ ಸೇವೆಗೆ ಸೇರಿ ಹಳ್ಳಿ ಬಿಟ್ಟು ಮುಂಬಯಿ, ಠಾಣೆಗಳಿಗೆ ಬಂದರು. ಈ ಕಥೆ ನಮಗೇನೂ ಅಪರಿಚಿತವಲ್ಲ. ಗಾಣದ ಬದಲು ಗದ್ದೆ ಎಂದು ಹೇಳಿದರೆ ನಮ್ಮಲ್ಲಿ ಅರ್ಧದಷ್ಟು ಜನರ ಕಥೆಯೇ ಆಗುತ್ತದೆ.

ಕನ್ನಡ ನಾಡಿಗೂ ಅವರಿಗೂ ಎಳೆಗಳ ಸಂಬಂಧವಿದೆ. ಮುಂಬಯಿಯ ಮೊದಲ ಯಹೂದ್ಯ ಮಂದಿರವನ್ನು 1796ರಲ್ಲಿ ಕಟ್ಟಿಸಿದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಕಂಪೆನಿಯ ಸೈನ್ಯಾಧಿಕಾರಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಬದುಕಿ ಹಿಂದಿರುಗಿದ ಕೃತಜ್ಞತೆಗೆ ಆತ ಆ ಮಂದಿರವನ್ನು ಕಟ್ಟಿಸಿದನೆಂದು ಅವರ ಪರಂಪರೆ ಹೇಳುತ್ತದೆ. ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಹೆಸರಾದ, ಪದ್ಮಶ್ರೀ ಪುರಸ್ಕೃತ ಡಾ. ಜೆರೂಶಾ ಜಿರಾಡ್ ಹುಟ್ಟಿದ್ದು ಶಿವಮೊಗ್ಗದಲ್ಲಿ.

ಈ ಸಮಾಜದ ಮೂಲಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶವೊಂದಿದೆ. ಶತಮಾನಗಳ ಹಿಂದೆ ಅಲಿಬಾಗಿನ ಬಳಿಯ ನವಗಾಂವ್ ಕಡಲ ತೀರದಲ್ಲಿ ಹಡಗೊಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರಂತೆ. ಅಲೆಗಳು ದಡಕ್ಕೆ ತಂದ ತಮ್ಮವರ ಶವಗಳನ್ನು ಅಲ್ಲಿಯೇ ಹೂಳಿದರಂತೆ. ಆ ದಿಬ್ಬಗಳನ್ನು ಇಂದಿಗೂ ತೋರಿಸುತ್ತಾರೆ. ಧರ್ಮಗ್ರಂಥಗಳೆಲ್ಲ ಕಡಲ ಪಾಲಾದವು. ಒಂದು ಪ್ರಾರ್ಥನಾ ವಾಕ್ಯ, ಶನಿವಾರದ ವಿರಾಮ, ಸುನ್ನತಿ, ಆಹಾರದ ಕೆಲವು ನಿಯಮಗಳು, ಇಷ್ಟು ಮಾತ್ರ ನೆನಪಿನಲ್ಲಿ ಉಳಿದವು. ಇದು ಐತಿಹ್ಯ, ಇತಿಹಾಸವೆಂದು ಸಾಧಿಸಲಾಗದು. ಆದರೆ ಒಂದು ಸಮಾಜವು ತನ್ನ ಕಥೆಯನ್ನು ಗೆಲುವಿನಿಂದಲ್ಲ, ಸತ್ತವರಿಗೆ ಮಣ್ಣು ಕೊಟ್ಟ ಕರ್ತವ್ಯದಿಂದ ಆರಂಭಿಸುವುದು ಗಮನಾರ್ಹವಾಗಿದೆ.

ಇನ್ನು ಯಹೂದ್ಯ ಧರ್ಮದ ಶೋಕಕ್ರಮಕ್ಕೆ ಬರೋಣ. ಅದರ ಮೊದಲ ಲಕ್ಷಣ, ಶೋಕಕ್ಕೆ ಕಾಲದ ಮೆಟ್ಟಿಲುಗಳನ್ನು ಕಟ್ಟಿರುವುದು. ಸಾವಿನಿಂದ ದಫನದವರೆಗಿನದು ಮೊದಲ ಮೆಟ್ಟಿಲು. ಈ ಅವಧಿಯಲ್ಲಿ ಮನೆಯವರಿಗೆ ನಿತ್ಯದ ಪ್ರಾರ್ಥನೆಯಿಂದಲೂ ವಿನಾಯಿತಿ ಉಂಟು. ಶವವು ಎದುರಿಗಿರುವಾಗ ಸಾಂತ್ವನ ಹೇಳಲು ಹೋಗಬಾರದೆಂದು ಅವರ ಹಿರಿಯರು ವಿಧಿಸಿದ್ದಾರೆ; ಆಗ ಯಾವ ಮಾತೂ ಕಿವಿಗೆ ಇಳಿಯದು. ಶವವನ್ನು ತೊಳೆದು ಸಿದ್ಧಪಡಿಸುವ ಕೆಲಸ ಸಮಾಜದ ಸ್ವಯಂಸೇವಕ ಮಂಡಳಿಯದು. ಸತ್ತವರಿಗೆ ಮಾಡಿದ ಉಪಕಾರವನ್ನು ಅವರು 'ಸತ್ಯವಾದ ದಯೆ' ಎನ್ನುತ್ತಾರೆ, ಏಕೆಂದರೆ ಸತ್ತವರು ಪ್ರತ್ಯುಪಕಾರ ಮಾಡಲಾರರು.

ದಫನಕ್ಕೆ ಮುನ್ನ ಹತ್ತಿರದ ಬಂಧುಗಳು ತೊಟ್ಟ ಬಟ್ಟೆಯನ್ನು ಹರಿದುಕೊಳ್ಳಬೇಕು. ತಂದೆ ತಾಯಿ ಸತ್ತರೆ ಎಡಗಡೆ, ಹೃದಯದ ಮೇಲೆ, ಉಳಿದವರಿಗಾಗಿ ಬಲಗಡೆ. ಮೂವತ್ತು ದಿನಗಳ ಮೇಲೆ ಆ ಹರಿದದ್ದನ್ನು ಹೊಲಿಯಬಹುದು. ಆದರೆ ತಂದೆ ತಾಯಿಗಾಗಿ ಹರಿದ ಬಟ್ಟೆಗೆ ಒರಟಾದ ಹೊಲಿಗೆ ಹಾಕಬಹುದೇ ಹೊರತು ಗುರುತು ಕಾಣದಂತೆ ಎಂದಿಗೂ ಕೂಡಿಸಕೂಡದು. ಬಟ್ಟೆ ಮತ್ತೆ ಉಡಲು ಬರಬೇಕು, ಹರಿದದ್ದೂ ಕಾಣಬೇಕು. ಶೋಕವನ್ನು ಕುರಿತು ಇದಕ್ಕಿಂತ ಹೆಚ್ಚಿನದನ್ನು ಯಾವ ಪ್ರವಚನ ಹೇಳೀತು?

ದಫನದ ನಂತರ ಏಳು ದಿನಗಳ 'ಶಿವಾ'. ಹೀಬ್ರೂ ಭಾಷೆಯಲ್ಲಿ ಶಿವಾ ಎಂದರೆ ಏಳು. ಸ್ಮಶಾನವಾಸಿಯಾದ ನಮ್ಮ ಶಿವನಿಗೂ ಈ ಪದಕ್ಕೂ ಸಂಬಂಧವಿಲ್ಲ. ಆ ಏಳು ದಿನ ಮನೆಯವರು ಹೊರಗೆ ದುಡಿಯುವಂತಿಲ್ಲ, ಕ್ಷೌರವಿಲ್ಲ, ಚರ್ಮದ ಪಾದರಕ್ಷೆಯಿಲ್ಲ. ಗಿಡ್ಡ ಮಣೆಯ ಮೇಲೋ ನೆಲದ ಮೇಲೋ ಕೂರುತ್ತಾರೆ. ಅನೇಕರ ಮನೆಗಳಲ್ಲಿ ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ನಡುವೆ ಬರುವ ಶನಿವಾರ ಮಾತ್ರ ಬಹಿರಂಗ ಶೋಕಕ್ಕೆ ವಿರಾಮ. ಏಳನೆಯ ದಿನ ಮಣೆಯಿಂದ ಎದ್ದವರು ಮನೆಯಿಂದ ಹೊರಬಂದು ಬೀದಿಯಲ್ಲೊಂದು ಸುತ್ತು ನಡೆಯುವ ಪದ್ಧತಿ ಹಲವೆಡೆ ಇದೆ. ಅನಂತರ ಮೂವತ್ತು ದಿನಗಳವರೆಗೆ ಅರ್ಧ ಶೋಕ: ಕೆಲಸಕ್ಕೆ ಹೋಗಬಹುದು, ಸಂಭ್ರಮಗಳಿಗೆ ಹೋಗಬಾರದು. ತಂದೆ ತಾಯಿಗಳಿಗಾಗಿ ಮಾತ್ರ ಹನ್ನೆರಡು ತಿಂಗಳು. ಆಮೇಲೆ ವರ್ಷಕ್ಕೊಮ್ಮೆ ದೀಪವಿಟ್ಟು ಸ್ಮರಣೆ. ಇದಕ್ಕೂ ಮೀರಿ ಅಳುವವನನ್ನು ಅವರ 'ತಾಲ್ಮುದ್' ಗ್ರಂಥ ಮೃದುವಾಗಿ ತಡೆಯುತ್ತದೆ: ಸತ್ತವನ ಮೇಲೆ ದೇವರಿಗಿರುವುದಕ್ಕಿಂತ ಹೆಚ್ಚಿನ ಕರುಣೆ ನಿನಗಿದೆಯೇ ಎಂದು ಕೇಳುತ್ತದೆ. ಅಳಬೇಡವೆಂದು ಹೇಳುವುದಿಲ್ಲ. ಅಳುವುದಕ್ಕೂ ಏಳುವುದಕ್ಕೂ ಕಾಲ ನಿಗದಿ ಮಾಡುತ್ತದೆ.

ಎರಡನೆಯ ಲಕ್ಷಣ, ಶೋಕವನ್ನು ನೆರೆಹೊರೆಯ ಕರ್ತವ್ಯವನ್ನಾಗಿ ಮಾಡಿರುವುದು. ಸ್ಮಶಾನದಿಂದ ಬಂದವರು ತಮ್ಮ ಮನೆಯ ಅನ್ನವನ್ನು ಮೊದಲ ಊಟವಾಗಿ ಉಣ್ಣಕೂಡದು. ಅದನ್ನು ನೆರೆಯವರೇ ತರಬೇಕು. ಮೊಟ್ಟೆ, ಬೇಳೆಯಂಥ ದುಂಡಗಿನ ಪದಾರ್ಥಗಳು ಅದರಲ್ಲಿರುತ್ತವೆ. ಬಾಳು ಚಕ್ರದಂತೆ ತಿರುಗುವುದೆಂಬುದು ಅದರ ಸಂಕೇತ. ತಾಲ್ಮುದ್ ಈ ಊಟದ ಬಗ್ಗೆ ಒಂದು ವೃತ್ತಾಂತವನ್ನು ಹೇಳುತ್ತದೆ. ಮೊದಲು ಸಿರಿವಂತರ ಮನೆಗೆ ಬೆಳ್ಳಿ ಬಂಗಾರದ ಬುಟ್ಟಿಗಳಲ್ಲಿ, ಬಡವರ ಮನೆಗೆ ಬೆತ್ತದಂಥ ಕಡ್ಡಿಯ ಬುಟ್ಟಿಗಳಲ್ಲಿ ಆಹಾರ ಒಯ್ಯುತ್ತಿದ್ದರು. ಬಡವರು ನಾಚಿಕೊಂಡರು. ಆಗ ಹಿರಿಯರು ಎಲ್ಲರ ಮನೆಗೂ ಕಡ್ಡಿಯ ಬುಟ್ಟಿಯಲ್ಲೇ ಒಯ್ಯಬೇಕೆಂದು ಕಟ್ಟಳೆ ಮಾಡಿದರು. ಶವಕ್ಕೆ ಹೊದಿಸುವ ಬಟ್ಟೆಯ ದುಬಾರಿ ವೆಚ್ಚಕ್ಕೆ ಹೆದರಿ ಬಂಧುಗಳು ಶವವನ್ನೇ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ಸಮಾಜದ ನಾಯಕನೂ ಪಂಡಿತನೂ ಆದ ರಬ್ಬಾನ್ ಗಮ್ಲಿಯೇಲ್ ತನ್ನನ್ನು ಸಾಧಾರಣ ನಾರುಬಟ್ಟೆಯಲ್ಲಿಯೇ ಹೂಳಬೇಕೆಂದು ನಡೆದುತೋರಿಸಿದ. ಅಂದಿನಿಂದ ಧನಿಕನಿಗೂ ಕೂಲಿಗೂ ಒಂದೇ ಬಿಳಿಯ ಬಟ್ಟೆ. ಎರಡೂ ಸಂದರ್ಭಗಳಲ್ಲಿ ಬಡವರನ್ನು ಮೇಲೆತ್ತಲು ಹಣ ಸಂಗ್ರಹಿಸಲಿಲ್ಲ, ಸಿರಿವಂತರು ಒಂದು ಮೆಟ್ಟಿಲು ಕೆಳಗಿಳಿದರು.

ಹಾಗೆಯೇ, ಶೋಕದ ಮನೆಗೆ ಹೋದವರು ಮನೆಯವರು ಬಾಯಿ ತೆರೆಯುವ ಮುನ್ನ ಮಾತನಾಡಕೂಡದು ಎಂಬ ನಿಯಮವಿದೆ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತ ಬೈಬಲಿನ ಕಥೆ ಇದಕ್ಕೆ ಆಧಾರ. ಆ ಗೆಳೆಯರು ಬುದ್ಧಿ ಹೇಳಲು ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಮೌನವಾಗಿದ್ದಷ್ಟು ದಿನ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. "ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಖರ್ಚಾಯಿತು, ಇನ್ನೊಂದು ಕಡೆ ತೋರಿಸಬಹುದಿತ್ತಲ್ಲ" ಎಂದು ಬಾಗಿಲಲ್ಲೇ ವಿಚಾರಣೆ ನಡೆಸುವ ನಮ್ಮ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯದು 'ಕದ್ದಿಶ್' ಎಂಬ ಪ್ರಾರ್ಥನೆ. ತಂದೆ ತಾಯಿ ಸತ್ತ ಮೇಲೆ ಮಕ್ಕಳು ಹನ್ನೊಂದು ತಿಂಗಳು ಪ್ರತಿದಿನ ಇದನ್ನು ಹೇಳುತ್ತಾರೆ. ಸಾವಿನ ಪ್ರಾರ್ಥನೆಯೆಂದು ಹೆಸರಾದ ಇದರಲ್ಲಿ ಸಾವಿನ ಮಾತೇ ಇಲ್ಲ, ಇರುವುದು ಭಗವಂತನ ನಾಮಸ್ತುತಿ ಮತ್ತು ಶಾಂತಿಯ ಬೇಡಿಕೆ ಮಾತ್ರ. ಎರಡು ಸಂಗತಿಗಳು ಇಲ್ಲಿ ಮುಖ್ಯ. ಇದು ಪವಿತ್ರ ಹೀಬ್ರೂವಿನಲ್ಲಿಲ್ಲ. ಬಹುಮಟ್ಟಿಗೆ ಅಂದಿನ ಜನರ ಆಡುಮಾತಾಗಿದ್ದ ಅರಾಮಾಯಿಕ್ ಭಾಷೆಯಲ್ಲಿದೆ. ಪಂಡಿತನಲ್ಲದವನಿಗೂ ಅರ್ಥವಾಗಲೆಂದು ಹೀಗೆ ಮಾಡಿದರೆಂದು ಅವರ ವ್ಯಾಖ್ಯಾನಕಾರರು ಹೇಳುತ್ತಾರೆ. ಮತ್ತೊಂದು, ಇದನ್ನು ಒಬ್ಬನೇ ಕುಳಿತು ಹೇಳುವಂತಿಲ್ಲ. ಕನಿಷ್ಠ ಹತ್ತು ಮಂದಿ ಸೇರಿರಬೇಕು, ನಡುನಡುವೆ ಅವರು ಓಗೊಡಬೇಕು. ಶೋಕದಲ್ಲಿರುವವನು ಬಾಗಿಲು ಹಾಕಿಕೊಂಡು ಕೂರಲು ಧರ್ಮವೇ ಬಿಡುವುದಿಲ್ಲ. ಅವನಿಗಾಗಿ ಹತ್ತು ಮಂದಿ ಬರಲೇಬೇಕು. ನಾಳೆ ಇನ್ನೊಬ್ಬನಿಗಾಗಿ ಅವನು ಆ ಹತ್ತರಲ್ಲಿ ಒಬ್ಬನಾಗಬೇಕು.

ಈ ಕ್ರಮದಲ್ಲಿ ಕುಂದುಗಳಿಲ್ಲವೆಂದಲ್ಲ. ಸಂಪ್ರದಾಯದ ಪ್ರಕಾರ ಆ ಹತ್ತರ ಲೆಕ್ಕಕ್ಕೆ ಗಂಡಸರು ಮಾತ್ರ ಸಲ್ಲುತ್ತಾರೆ; ಸುಧಾರಣಾ ಪಂಥಗಳಲ್ಲಿ ಮಾತ್ರ ಹೆಂಗಸರನ್ನೂ ಎಣಿಸುತ್ತಾರೆ. 1916ರಲ್ಲಿ ಅಮೆರಿಕೆಯ ಹೆನ್ರಿಯೆಟ್ಟಾ ಸೋಲ್ಡ್ ಎಂಬ ಸಮಾಜಸೇವಕಿಯ ತಾಯಿ ತೀರಿಕೊಂಡಾಗ, ಗಂಡುಮಕ್ಕಳಿಲ್ಲದ ಆ ಮನೆಗಾಗಿ ತಾನು ಕದ್ದಿಶ್ ಹೇಳುವೆನೆಂದು ಕುಟುಂಬದ ಸ್ನೇಹಿತರೊಬ್ಬರು ಮುಂದೆ ಬಂದರು. ಆಕೆ ಕೃತಜ್ಞತೆಯಿಂದಲೇ ಅದನ್ನು ನಿರಾಕರಿಸಿ, ಆ ಕರ್ತವ್ಯ ಮಗಳಾದ ತನ್ನದೇ ಎಂದು ಪತ್ರ ಬರೆದರು. ಹೆಣ್ಣುಮಕ್ಕಳು ಚಿತೆಗೆ ಕೊಳ್ಳಿ ಇಡಬಹುದೇ ಎಂದು ಇಂದಿಗೂ ಚರ್ಚಿಸುವ ನಾವು ಈ ಪತ್ರದ ವರ್ಷವನ್ನು ನೆನಪಿಡಬೇಕು. ಹಾಗೆಯೇ ಹುಟ್ಟಿ ಮೂವತ್ತು ದಿನ ತುಂಬದ ಶಿಶುವಿಗೆ ಹಳೆಯ ನಿಯಮದಂತೆ ಪೂರ್ಣ ಶೋಕವಿಧಿಯಿರಲಿಲ್ಲ. ಹೆತ್ತವಳ ಸಂಕಟ ಯಾವ ಲೆಕ್ಕದಲ್ಲಿಯೂ ಸೇರದೆ ಉಳಿಯಿತು. ಇದನ್ನು ತಿದ್ದುವ ಪ್ರಯತ್ನಗಳು ಅವರಲ್ಲಿ ಈಚೆಗೆ ನಡೆದಿವೆ.

ಆಧುನಿಕ ವಿಜ್ಞಾನ ಈ ವಿಷಯಕ್ಕೆ ತಡವಾಗಿ ಬಂದಿತು. ಸ್ವತಃ ಯಹೂದ್ಯ ಮನೆತನದವನಾದ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಶೋಕವು ರೋಗವಲ್ಲ, ಮನಸ್ಸು ನಿಧಾನವಾಗಿ ಮಾಡಿ ಮುಗಿಸಬೇಕಾದ ಒಂದು ಕೆಲಸ ಎಂದು ವಿವರಿಸಿದ. 2022ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ 'ದೀರ್ಘಕಾಲದ ಶೋಕ'ವನ್ನು ಒಂದು ವ್ಯಾಧಿಯೆಂದು ಸೇರಿಸಿದಾಗ, ವಯಸ್ಕರ ಮಟ್ಟಿಗೆ ಕನಿಷ್ಠ ಹನ್ನೆರಡು ತಿಂಗಳು ಕಳೆದಿರಬೇಕೆಂದು ಗಡಿ ಹಾಕಿತು. ನಮ್ಮಲ್ಲಿ ವರ್ಷಾಂತ್ಯದವರೆಗೆ ಮಾಸಿಕಗಳನ್ನು ಇಟ್ಟವರೂ, ಅವರಲ್ಲಿ ತಂದೆ ತಾಯಿಗಾಗಿ ಹನ್ನೆರಡು ತಿಂಗಳು ಇಟ್ಟವರೂ ಮನುಷ್ಯನ ಮನಸ್ಸನ್ನು ಬಲ್ಲವರೇ ಆಗಿದ್ದರು.

ನಮ್ಮ ಪರಂಪರೆಯಲ್ಲಿ ಇದಾವುದೂ ಇರಲಿಲ್ಲವೇ? ಖಂಡಿತ ಇತ್ತು. ಸತ್ತ ಮನೆಯಲ್ಲಿ ಒಲೆ ಹೊತ್ತಿಸದಿರುವುದು, ನೆರೆಮನೆಯಿಂದ ಗಂಜಿ ಬರುವುದು ನಮ್ಮ ಹಳ್ಳಿಗಳ ಅಲಿಖಿತ ಕಾನೂನು. ಹತ್ತು ದಿನಗಳ ಸೂತಕ, ಹದಿಮೂರನೆಯ ದಿನದ ಶುಭಸ್ವೀಕಾರ, ಕರಾವಳಿಯ ಬೊಜ್ಜ, ಮಾಸಿಕ, ಆಬ್ದಿಕ, ಮಹಾಲಯ, ಇವೆಲ್ಲವೂ ಶೋಕದ ಮೆಟ್ಟಿಲುಗಳೇ. ಶರಣರು ಸೂತಕವನ್ನೇ ನಿರಾಕರಿಸಿ, ಸಾವು ಮನೆಯನ್ನು ಮೈಲಿಗೆ ಮಾಡದೆಂದು ಸಾರಿದ ಹಿರಿಮೆಯೂ ಕನ್ನಡ ನೆಲಕ್ಕೆ ಸೇರಿದ್ದು. ಆದರೆ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಗುರುತಿಸಬೇಕು. ನಮ್ಮ ವಿಧಿಗಳ ಗಮನವು ಬಹುಮಟ್ಟಿಗೆ ಸತ್ತವರ ಸದ್ಗತಿಯ ಕಡೆಗೆ. ಉಳಿದವರ ಆರೈಕೆಯನ್ನು ಊರು ತಾನಾಗಿಯೇ ಮಾಡುತ್ತಿತ್ತು. ಹೊರನಾಡಿಗೆ ಬರುವಾಗ ವಿಧಿಗಳನ್ನು ಹೊತ್ತು ತಂದೆವು, ಊರನ್ನು ತರಲಾಗಲಿಲ್ಲ. ಇಂದು ಪುರೋಹಿತರು ಸಿಗುತ್ತಾರೆ, ಸಾಮಗ್ರಿ ಸಿಗುತ್ತದೆ, ಶವವಾಹನವೂ ಸಿಗುತ್ತದೆ. ಬಳಿಯಲ್ಲಿ ಕೂರುವವರು ಸಿಗುವುದಿಲ್ಲ.

ನಾನು ಕೇಂದ್ರ ಸರಕಾರದ ನೌಕರ. ನಮ್ಮ ರಜೆಯ ನಿಯಮಗಳಲ್ಲಿ ಹೆರಿಗೆಗೆ ರಜೆಯಿದೆ, ಮಕ್ಕಳ ಪಾಲನೆಗೆ ರಜೆಯಿದೆ, ವ್ಯಾಸಂಗಕ್ಕೂ ರಜೆಯಿದೆ; ಶೋಕಕ್ಕೆಂದೇ ಒಂದು ರಜೆಯಿಲ್ಲ. ವರ್ಷಕ್ಕೆ ಎಂಟು ದಿನಗಳ ಸಾಂದರ್ಭಿಕ ರಜೆಯಲ್ಲೋ ಗಳಿಕೆ ರಜೆಯಲ್ಲೋ ಅಪ್ಪನ ಸಾವನ್ನು ಹೊಂದಿಸಿಕೊಳ್ಳಬೇಕು. ಕುಟುಂಬ ಪಿಂಚಣಿಗೆ ನಮೂನೆಯಿದೆ, ಅನುಕಂಪದ ನೇಮಕಾತಿಗೆ ಕಡತವಿದೆ. ಅವು ಬೇಕು, ಅವುಗಳ ಬೆಲೆಯನ್ನು ಬಲ್ಲೆ. ಆದರೆ ಸರಕಾರ ಮಾಡಬಹುದಾದದ್ದು ಅಷ್ಟೇ. ಮಣೆಯ ಪಕ್ಕದಲ್ಲಿ ಕೂರುವುದು ಸಮಾಜದ ಕೆಲಸ.

2020 ಮತ್ತು 2021ರ ಮಹಾಮಾರಿಯ ದಿನಗಳು ಇದನ್ನು ನಿರ್ದಯವಾಗಿ ತೋರಿಸಿಕೊಟ್ಟವು. ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿಯಿತ್ತು. ಎಷ್ಟೋ ಕಡೆ ಇಬ್ಬರೂ ಇರಲಿಲ್ಲ. ಜಗತ್ತಿನ ಹಲವೆಡೆ ಯಹೂದ್ಯರು ತಂತಮ್ಮ ಬಾಲ್ಕನಿಗಳಲ್ಲಿ ನಿಂತು ಹತ್ತರ ಲೆಕ್ಕ ಕೂಡಿಸಿದರು. ಕೆಲವು ಪಂಥಗಳವರು ದೂರದರ್ಶಕ ಯಂತ್ರಗಳ ಮೂಲಕ ಸೇರಿದರೂ ಸಾಕೆಂದು ಒಪ್ಪಿದರು. ನಿಯಮವನ್ನು ಹಿಗ್ಗಿಸಿದರು, ಜನರನ್ನು ಬಿಡಲಿಲ್ಲ. ನಮ್ಮಲ್ಲಿ ಅನೇಕ ಮನೆಗಳ ಶೋಕ ಅಂದು ಆರಂಭವಾಗದೆಯೇ ಉಳಿಯಿತು, ಇಂದಿಗೂ ಮುಗಿದಿಲ್ಲ.

ಇಲ್ಲಿ ಕನ್ನಡ ಸಂಘಕ್ಕೇ ವಿಶೇಷವಾಗಿ ಸಂಬಂಧಿಸಿದ ಮಾತೊಂದನ್ನು ಹೇಳಬೇಕು. ನಮ್ಮ ಕಟ್ಟಡಗಳಲ್ಲಿ ಮಗನ ಮನೆಗೆಂದು ಊರಿನಿಂದ ಬಂದು ನೆಲೆಸಿದ ತಾಯಂದಿರಿದ್ದಾರೆ. ಅವರಿಗೆ ಬರುವುದು ಕನ್ನಡ ಅಥವಾ ತುಳು ಮಾತ್ರ. ಗಂಡ ತೀರಿಕೊಂಡರೆ ನೆರೆಯ ಮರಾಠಿ ಹೆಣ್ಣುಮಕ್ಕಳು ಪ್ರೀತಿಯಿಂದ ಬರುತ್ತಾರೆ, ಕೈಹಿಡಿದು ಕೂರುತ್ತಾರೆ, ಚಹಾ ಪೋಹೆ ತಂದು ಕೊಡುತ್ತಾರೆ. ಆ ಉಪಕಾರ ದೊಡ್ಡದು, ಅದನ್ನು ಎಂದಿಗೂ ಮರೆಯಲಾಗದು. ಆದರೆ ಐವತ್ತು ವರ್ಷ ಜೊತೆಗಿದ್ದವರ ಬಗ್ಗೆ ಆ ತಾಯಿ ಹೇಳಿಕೊಳ್ಳಬೇಕಾದದ್ದನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? ಮೊಮ್ಮಕ್ಕಳಿಗೆ ಅಜ್ಜಿಯ ಅರ್ಧ ಮಾತು ತಿಳಿಯದು. ಸಂತೋಷವನ್ನು ಕಲಿತ ಭಾಷೆಯಲ್ಲಿಯೂ ಹಂಚಿಕೊಳ್ಳಬಹುದು. ಅಳುವುದಕ್ಕೆ ತಾಯ್ನುಡಿಯೇ ಬೇಕು. ಕೊಂಕಣದ ಯಹೂದ್ಯರ ಗೋರಿಕಲ್ಲುಗಳ ಮೇಲೆ ಹೀಬ್ರೂ ಜೊತೆಗೆ ಮರಾಠಿಯೂ ಕೆತ್ತಲ್ಪಟ್ಟಿರುವುದು ಇದೇ ಕಾರಣಕ್ಕಾಗಿರಬೇಕು. ದೇವರಿಗೆ ಒಂದು ಭಾಷೆ, ತಮ್ಮ ಸಂಕಟಕ್ಕೆ ಇನ್ನೊಂದು. ಕನ್ನಡವನ್ನು ಉಳಿಸುವುದೆಂದರೆ ನವೆಂಬರಿನಲ್ಲಿ ಧ್ವಜ ಹಾರಿಸುವುದಷ್ಟೇ ಅಲ್ಲ. ಅಂಥ ತಾಯಿಯ ಮಾತಿಗೆ ಕಿವಿಯಾಗುವ ಒಬ್ಬರು ಲೋಕಲ್ ರೈಲಿನ ದೂರದಲ್ಲಿ ಇರುವಂತೆ ನೋಡಿಕೊಳ್ಳುವುದೂ ಹೌದು.

ಆದ್ದರಿಂದ ಈ ಸಭೆಯ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುತ್ತೇನೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಒಂದೊಂದು ಬಡಾವಣೆಯಲ್ಲಿಯೂ ಹತ್ತು ಮಂದಿಯ ಪಟ್ಟಿಯೊಂದಿರಲಿ, ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ಜಾತಿ, ಜಿಲ್ಲೆಗಳನ್ನು ಕೇಳುವುದು ಬೇಡ. ಕನ್ನಡದ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಮೊದಲ ಊಟ ಆ ಹತ್ತು ಮನೆಗಳಿಂದ ಹೋಗಲಿ, ಸಾಧಾರಣ ಡಬ್ಬಿಯಲ್ಲಿ, ಎಲ್ಲರಿಗೂ ಒಂದೇ ಬಗೆಯ ಅನ್ನ ಸಾರು. ಮರಣ ಪ್ರಮಾಣಪತ್ರ, ಬ್ಯಾಂಕು, ಪಿಂಚಣಿಗಳ ಓಡಾಟಕ್ಕೆ ಕಾಗದಪತ್ರ ಬಲ್ಲವರೊಬ್ಬರು ಜೊತೆಗೆ ಹೋಗಲಿ. ನನ್ನಂಥ ನೌಕರರು ಇದಕ್ಕಾದರೂ ಉಪಯೋಗಕ್ಕೆ ಬಂದೇವು. ಹದಿಮೂರನೆಯ ದಿನ ಊಟ ಮಾಡಿ ಕೈತೊಳೆದುಕೊಂಡ ಮೇಲೆ ಸಂಬಂಧ ಮುಗಿಯದಿರಲಿ. ಮೂವತ್ತನೆಯ ದಿನ ಒಬ್ಬರು, ಮೂರನೆಯ ತಿಂಗಳು ಒಬ್ಬರು, ವರ್ಷ ತುಂಬಿದ ದಿನ ಇಬ್ಬರು ಬಾಗಿಲು ತಟ್ಟಲಿ. ಹೋದವರು ಉಪದೇಶ ಮಾಡದಿರಲಿ, ಮನೆಯವರೇ ಬಾಯಿ ತೆರೆಯುವವರೆಗೆ ಕಾಯಲಿ. ಇದಕ್ಕೆ ನಿಧಿ ಬೇಡ, ಕಟ್ಟಡ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ.

ಬೆನೆ ಇಸ್ರಾಯೇಲರಲ್ಲಿ ಹೆಚ್ಚಿನವರು 1950ರ ದಶಕದಿಂದ ಇಸ್ರೇಲಿಗೆ ವಲಸೆ ಹೋದರು. ಇಂದು ಭಾರತದಲ್ಲಿ ಉಳಿದಿರುವವರು ಕೆಲವೇ ಸಾವಿರ. 2016ರಲ್ಲಿ ಮಹಾರಾಷ್ಟ್ರ ಸರಕಾರ ಅವರಿಗೆ ಅಲ್ಪಸಂಖ್ಯಾತರ ಸ್ಥಾನಮಾನ ನೀಡಿತು. ಇಷ್ಟು ಕಡಿಮೆ ಸಂಖ್ಯೆಯ ಸಮಾಜಕ್ಕೆ ಹತ್ತು ಮಂದಿಯನ್ನು ಕೂಡಿಸುವುದು ಸುಲಭದ ಮಾತಲ್ಲ. ಆದರೂ ಹತ್ತು ಬೇಕೆಂಬ ನಿಯಮವನ್ನು ಅವರು ಎಂಟಕ್ಕೆ ಇಳಿಸಿಕೊಂಡಿಲ್ಲ. ನಾವು ಈ ನಾಲ್ಕು ನಗರಗಳಲ್ಲಿ ಅವರಿಗಿಂತ ಎಷ್ಟೋ ಪಾಲು ಹೆಚ್ಚಿದ್ದೇವೆ. ಹತ್ತು ಮಂದಿ ನಮಗೆ ಸಿಗದಿದ್ದರೆ ಅದು ಸಂಖ್ಯೆಯ ಕೊರತೆಯಾಗಲಾರದು.

ಈ ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಹಾಳೆ ಇಟ್ಟಿರುತ್ತೇನೆ. ಇಚ್ಛೆಯುಳ್ಳವರು ಹೆಸರನ್ನೂ ಬಡಾವಣೆಯನ್ನೂ ಬರೆಯಬೇಕಾಗಿ ಕೋರುತ್ತೇನೆ.